ತಾಯಿಗಿಡದ ಬುತ್ತಿ, ನೆಲದ ತುತ್ತು: ಬೀದರ್‌ನ ಎರೆಭೂಮಿಯಲ್ಲಿ ಬೀಜ ಮೊಳೆಯುವ ಬಗೆ

ಮುಂಗಾರಿನ ಹದಮಳೆ ಬಿದ್ದು ನೆಲ ಕೂರಿಗೆಗೆ ಒದಗುತ್ತಿದ್ದಂತೆ ಬೀದರ್ ಜಿಲ್ಲೆಯ ಭಾಲ್ಕಿ, ಔರಾದ್ ಮತ್ತು ಬೀದರ್ ತಾಲ್ಲೂಕುಗಳಲ್ಲಿ ಬಿತ್ತನೆಯ ಅವಸರ ಶುರುವಾಗುತ್ತದೆ. ಭಾತಂಬ್ರಾ ಸೀಮೆಯ ಕಪ್ಪು ಎರೆಹೊಲಗಳಲ್ಲಿ ಹಿಂದೆ ಉದ್ದು, ಹೆಸರು, ತೊಗರಿ ಮತ್ತು ಜೋಳ ಹಂಚಿಕೊಂಡಿದ್ದ ಜಾಗದ ದೊಡ್ಡ ಪಾಲನ್ನು ಈಗ ಸೋಯಾ ಅವರೆ ಪಡೆದುಕೊಂಡಿದ್ದು, ಜೂನ್ ತಿಂಗಳ ಆ ಕೆಲವೇ ದಿನಗಳಲ್ಲಿ ರೈತ ಸಂಪರ್ಕ ಕೇಂದ್ರಗಳ ಮುಂದೆ ಬೀಜಕ್ಕೂ ಗೊಬ್ಬರಕ್ಕೂ ಒಟ್ಟೊಟ್ಟಿಗೆ ಬೇಡಿಕೆ ಏಳುತ್ತದೆ. ಬೀಜ ಬಿದ್ದ ಗಳಿಗೆಯಿಂದಲೇ ಅದಕ್ಕೆ ಗೊಬ್ಬರ ಸಿಗಬೇಕು, ಗೊಬ್ಬರವಿಲ್ಲದೆ ಮೊಳಕೆ ಬಲವಾಗದು ಎಂಬ ನಂಬಿಕೆ ಈ ಬೇಡಿಕೆಯ ಹಿಂದೆ ಬಹುಮಟ್ಟಿಗೆ ಕೆಲಸ ಮಾಡುತ್ತದೆ. ಆದರೆ ಬೀಜದ ಒಳಗೆ ನಡೆಯುವುದನ್ನು ಎರಡು ಶತಮಾನಗಳಿಂದ ಅಭ್ಯಾಸ ಮಾಡುತ್ತ ಬಂದಿರುವ ವಿಜ್ಞಾನ ಹೇಳುವ ಕ್ರಮ ಬೇರೆಯೇ ಆಗಿದೆ.

ಆ ಕ್ರಮವನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು: ಮೊಳೆಯುವ ಬೀಜ ಮೊದಲ ಕೆಲವು ದಿನ ಉಣ್ಣುವುದು ತಾಯಿಗಿಡ ಕಟ್ಟಿಕೊಟ್ಟ ಬುತ್ತಿಯನ್ನು; ಆ ಅವಧಿಯಲ್ಲಿ ಅದು ನೆಲದಿಂದ ಮುಖ್ಯವಾಗಿ ಕೇಳುವುದು ನೀರು, ಗಾಳಿ ಮತ್ತು ಬಿಸುಪನ್ನು. ಬೇರು ಇಳಿದು, ಬೇರಿನ ಮೈಮೇಲೆ ನವಿರಾದ ರೋಮಗಳು ಮೂಡಿದ ಮೇಲೆಯೇ ನೆಲದ ಲವಣಗಳು ಸಸಿಯ ಒಳಗೆ ಹೆಚ್ಚಾಗಿ ಸೇರತೊಡಗುತ್ತವೆ. ಬುತ್ತಿ ತೀರುವುದಕ್ಕೂ ನೆಲದ ತುತ್ತು ಸಿಗುವುದಕ್ಕೂ ನಡುವಿನ ಒಂದೆರಡು ವಾರಗಳೇ ಬೆಳೆಯ ಬದುಕಿನ ಅತಿ ಸೂಕ್ಷ್ಮವಾದ ಕಾಲ. ಈ ಕಾಲವನ್ನು ಅರಿತು ನಡೆದುಕೊಂಡರೆ ಬೀಜವೂ ಉಳಿಯುತ್ತದೆ, ಗೊಬ್ಬರದ ಹಣವೂ ಸಾರ್ಥಕವಾಗುತ್ತದೆ.

ಬುತ್ತಿಯಲ್ಲಿ ಏನಿದೆ

ಬೀಜವೆಂದರೆ ಒಂದು ಪುಟ್ಟ ಸಸಿ, ಅದಕ್ಕೆ ಬೇಕಾದ ಆಹಾರದ ಸಂಗ್ರಹ ಮತ್ತು ಅವೆರಡನ್ನೂ ಕಾಯುವ ಸಿಪ್ಪೆ ಒಟ್ಟಾಗಿರುವ ವ್ಯವಸ್ಥೆ. ಆ ಪುಟ್ಟ ಸಸಿಯನ್ನು ಭ್ರೂಣ ಎನ್ನುತ್ತಾರೆ. ಅದರ ಒಂದು ತುದಿ ಮುಂದೆ ಬೇರಾಗುವ ಮೂಲಾಂಕುರ, ಇನ್ನೊಂದು ತುದಿ ಕಾಂಡವಾಗುವ ಕಾಂಡಾಂಕುರ. ಆಹಾರ ಎಲ್ಲಿದೆ ಎಂಬುದು ಬೆಳೆಯಿಂದ ಬೆಳೆಗೆ ಬದಲಾಗುತ್ತದೆ. ಜೋಳ ಮತ್ತು ಗೋಧಿಯಂಥ ಏಕದಳ ಧಾನ್ಯಗಳಲ್ಲಿ ಅದು ಭ್ರೂಣದ ಹೊರಗೆ, ಭ್ರೂಣಾಹಾರ ಎಂಬ ಹಿಟ್ಟಿನ ಭಾಗದಲ್ಲಿದ್ದರೆ, ಸೋಯಾ, ತೊಗರಿ, ಉದ್ದು, ಹೆಸರು, ಕಡಲೆಗಳಂಥ ದ್ವಿದಳಗಳಲ್ಲಿ ಭ್ರೂಣದ್ದೇ ಅಂಗವಾದ ಎರಡು ಬೀಜದಳಗಳಲ್ಲಿ, ಅಂದರೆ ಅಡುಗೆಮನೆಯಲ್ಲಿ ಬೇಳೆಯೆಂದು ಕರೆಯುವ ಭಾಗದಲ್ಲಿ, ತುಂಬಿರುತ್ತದೆ.

ಬುತ್ತಿಯ ಒಳಗಿನ ವಸ್ತುಗಳೂ ಒಂದೇ ತೆರನಲ್ಲ. ಜೋಳದ ಕಾಳಿನ ಸುಮಾರು ಮುಕ್ಕಾಲು ಪಾಲು ಪಿಷ್ಟವಾಗಿದ್ದು, ಸಸಾರಜನಕ ಅಂದರೆ ಪ್ರೋಟೀನು ನೂರಕ್ಕೆ ಹತ್ತರ ಆಸುಪಾಸಿನಲ್ಲಿದೆ. ತೊಗರಿಯಲ್ಲಿ ಪ್ರೋಟೀನು ನೂರಕ್ಕೆ ಇಪ್ಪತ್ತರ ಆಚೀಚೆ ಇದ್ದು ಉಳಿದುದರಲ್ಲಿ ಪಿಷ್ಟವೇ ಹೆಚ್ಚು. ಸೋಯಾ ಮಾತ್ರ ತೀರ ಬೇರೆ ಜಾಡಿನದು: ಅದರಲ್ಲಿ ಸುಮಾರು 40 ಪಾಲು ಪ್ರೋಟೀನು, ಸುಮಾರು 20 ಪಾಲು ಎಣ್ಣೆ, ಬಲಿತ ಕಾಳಿನಲ್ಲಿ ಪಿಷ್ಟ ಬಹಳ ಕಡಿಮೆ. ಇವುಗಳ ಜೊತೆಗೆ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ, ಕಬ್ಬಿಣ ಮತ್ತು ಸತುವನ್ನು ತಾಯಿಗಿಡ ಫೈಟಿಕ್ ಆಮ್ಲ ಎಂಬ ಸಂಯುಕ್ತದೊಂದಿಗೆ ಬೆಸೆದು ಕಾಳಿನಲ್ಲಿ ಇರಿಸಿರುತ್ತದೆ; ಬೀಜದಲ್ಲಿರುವ ಒಟ್ಟು ರಂಜಕದ ಮೂರನೇ ಎರಡು ಪಾಲಿಗೂ ಹೆಚ್ಚು ಇರುವುದು ಈ ರೂಪದಲ್ಲಿಯೇ. ಬೀಜ ಕಟ್ಟುವ ಕಾಲದಲ್ಲಿ ತಾಯಿಗಿಡ ಬರಕ್ಕೆ ಸಿಕ್ಕಿದ್ದರೆ ಅಥವಾ ಅದು ನಿಂತ ನೆಲದಲ್ಲಿ ಸತು, ರಂಜಕಗಳ ಕೊರತೆಯಿದ್ದರೆ ಮರಿಗಿಡದ ಬುತ್ತಿಯೂ ಬಡವಾಗುತ್ತದೆ. ಹಿಂದಿನ ವರ್ಷದ ಹೊಲದ ಆರೋಗ್ಯ ಈ ವರ್ಷದ ಮೊಳಕೆಯಲ್ಲಿ ಕಾಣಿಸಿಕೊಳ್ಳುವುದು ಹೀಗೆ.

ಮೊದಲ ಬೇಡಿಕೆ ನೀರು

ಚೆನ್ನಾಗಿ ಒಣಗಿಸಿದ ಬೀಜದಲ್ಲಿ ನೀರಿನ ಪ್ರಮಾಣ ನೂರಕ್ಕೆ ಹತ್ತು ಹನ್ನೆರಡರಷ್ಟು ಮಾತ್ರ. ಅಷ್ಟು ಒಣಗಿದ ಪ್ರೋಟೀನು ಮತ್ತು ಪಿಷ್ಟದ ಕಣಗಳು ನೀರನ್ನು ಅತ್ಯಂತ ಬಿರುಸಾಗಿ ಸೆಳೆಯುವುದರಿಂದ, ಹಸಿಮಣ್ಣು ತಗುಲಿದೊಡನೆ ಬೀಜ ಹೀರತೊಡಗುತ್ತದೆ. ಈ ಹಂತಕ್ಕೆ ಜೀವ ಬೇಕಾಗಿಲ್ಲ. ಸತ್ತ ಬೀಜವೂ ನೀರು ಕುಡಿದು ಉಬ್ಬುತ್ತದೆ. ಹಾಗಾಗಿ ಕಾಳು ಉಬ್ಬಿದ ಮಾತ್ರಕ್ಕೆ ಅದು ಮೊಳೆಯುತ್ತದೆಂದು ಹೇಳುವಂತಿಲ್ಲ. ಕೆಲವು ಗಂಟೆಗಳ ಬಳಿಕ ಹೀರಿಕೆ ನಿಧಾನವಾಗಿ, ಹೊರಗಿನಿಂದ ಏನೂ ಕಾಣದ ಎರಡನೆಯ ಹಂತ ಬರುತ್ತದೆ. ಜೀವಂತ ಬೀಜದ ಒಳಗಿನ ದುರಸ್ತಿ ಮತ್ತು ಸಿದ್ಧತೆಗಳೆಲ್ಲ ನಡೆಯುವುದು ಆಗ. ಮೂಲಾಂಕುರ ಸಿಪ್ಪೆಯನ್ನು ಸೀಳಿ ಹೊರಬಂದಾಗ ಮೂರನೆಯ ಹಂತ ತೊಡಗಿ, ನೀರಿನ ಹೀರಿಕೆ ಮತ್ತೆ ಏರುತ್ತದೆ. ಈ ಮೂರನೆಯ ಹಂತ ಜೀವವಿರುವ ಬೀಜಕ್ಕೆ ಮಾತ್ರ ಸಾಧ್ಯ.

ಎಷ್ಟು ನೀರು ಬೇಕೆಂಬುದನ್ನು ಬುತ್ತಿಯೇ ನಿರ್ಧರಿಸುತ್ತದೆ. ಪಿಷ್ಟಪ್ರಧಾನವಾದ ಧಾನ್ಯಗಳು ತಮ್ಮ ತೂಕದ ಮೂರನೇ ಒಂದು ಪಾಲಿನಷ್ಟು ನೀರಿಗೆ ಮೊಳೆಯಬಲ್ಲವಾದರೆ, ಪ್ರೋಟೀನು ತುಂಬಿದ ಸೋಯಾ ತನ್ನ ತೂಕದ ಅರ್ಧದಷ್ಟು ನೀರನ್ನು ಹೀರಲೇಬೇಕು. ಮೊದಲ ಮಳೆಗೇ ಅವಸರಪಟ್ಟು ಬಿತ್ತಿದ ಹೊಲದಲ್ಲಿ ಸೋಯಾ ಅರ್ಧ ಕುಡಿದು, ಮಳೆ ತಡೆದಾಗ ಮೇಲ್ಮಣ್ಣು ಒಣಗಿ, ಎಚ್ಚೆತ್ತ ಭ್ರೂಣ ಅಲ್ಲಿಯೇ ಸಾಯುವುದಕ್ಕೆ ಕಾರಣ ಇದೇ. ಮೊಳಕೆಯೊಡೆಯದ ಒಣಬೀಜ ನೀರಿಲ್ಲದೆ ತಿಂಗಳುಗಟ್ಟಲೆ ತಾಳಬಲ್ಲದು, ಆದರೆ ಮೂಲಾಂಕುರ ಹೊರಬಂದ ಬೀಜ ಒಮ್ಮೆ ಒಣಗಿದರೆ ಚೇತರಿಸಿಕೊಳ್ಳುವುದು ಅಪರೂಪ.

ಬೀದರ್‌ನ ಮಣ್ಣು ಈ ಲೆಕ್ಕವನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಭಾಲ್ಕಿ, ಔರಾದ್ ಕಡೆಯ ಎರೆಮಣ್ಣು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ದಖ್ಖನ್ನಿನ ಲಾವಾಶಿಲೆ ಸವೆದು ಆದದ್ದು. ಅದರಲ್ಲಿ ಹೇರಳವಾಗಿರುವ, ಹಿಗ್ಗುವ ಗುಣದ ಜೇಡಿಕಣಗಳು ನೀರನ್ನು ಬಹಳ ಹಿಡಿದಿಡುತ್ತವೆ, ಆದರೆ ಬಿಗಿಯಾಗಿ ಹಿಡಿದಿಡುತ್ತವೆ. ಮುಟ್ಟಿದರೆ ತಂಪೆನಿಸುವ ಎರೆಯಲ್ಲಿಯೂ ಬೀಜ ಸೆಳೆದುಕೊಳ್ಳಬಲ್ಲ ನೀರು ಸಾಲದಿರಬಹುದು. ಬೀದರ್ ಪಟ್ಟಣ ನಿಂತಿರುವ ಎತ್ತರದ ಕೆಂಪು ಜಂಬಿಟ್ಟಿಗೆ ನೆಲ ಇದಕ್ಕೆ ವಿರುದ್ಧ ಗುಣದ್ದು. ಅದು ನೀರನ್ನು ಬೇಗ ಕೊಡುತ್ತದೆ, ಬೇಗ ಕಳೆದುಕೊಳ್ಳುತ್ತದೆ. ಒಂದೇ ಜಿಲ್ಲೆಯಲ್ಲಿ ಒಂದೇ ಮಳೆಗೆ ಒಂದು ಹೊಲ ಬಿತ್ತನೆಗೆ ಹದವಾಗಿ ಇನ್ನೊಂದು ಆಗದಿರುವುದರ ಹಿಂದೆ ಮಣ್ಣಿನ ಈ ಭೇದವಿದೆ.

ನೀರು ಒಳಬರುವ ವೇಗವೂ ಮುಖ್ಯ. ಒಣಬೀಜದ ಜೀವಕೋಶಗಳ ಪೊರೆಗಳು ಮುದುಡಿಕೊಂಡಿದ್ದು, ನೀರು ಸೇರಿದಾಗ ಅವು ಮತ್ತೆ ಸರಿಯಾದ ರಚನೆಗೆ ಬರಲು ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ಸಕ್ಕರೆ, ಅಮೈನೋ ಆಮ್ಲ, ಪೊಟ್ಯಾಸಿಯಂಗಳು ಬೀಜದಿಂದ ಹೊರಕ್ಕೆ ಸೋರುತ್ತವೆ. ಸಿಪ್ಪೆ ಗಟ್ಟಿಯಾಗಿದ್ದರೆ ನೀರು ಮೆಲ್ಲನೆ ಇಳಿದು ಸೋರಿಕೆ ಕಡಿಮೆಯಾಗುತ್ತದೆ. ಸಿಪ್ಪೆ ಬಿರಿದಿದ್ದರೆ ನೀರು ನುಗ್ಗಿ ಪೊರೆಗಳೇ ಹರಿಯುತ್ತವೆ. ಸೋಯಾದ ಸಿಪ್ಪೆ ತೆಳುವಾಗಿದ್ದು ಮೂಲಾಂಕುರ ಅದರ ಅಡಿಯಲ್ಲೇ ಇರುವುದರಿಂದ, ರಾಶಿಯಂತ್ರದ ವೇಗದ ಹೊಡೆತಕ್ಕೆ ಅಥವಾ ಚೀಲವನ್ನು ಲಾರಿಯಿಂದ ಎಸೆದ ಪೆಟ್ಟಿಗೆ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಆ ಬಿರುಕಿನಿಂದ ಸೋರಿದ ಸಕ್ಕರೆ ಮಣ್ಣಿನ ಶಿಲೀಂಧ್ರಗಳನ್ನು ಬೀಜದ ಬಳಿಗೆ ಕರೆಯುತ್ತದೆ. ಬೀಜ ಕೊಳೆತದ್ದಕ್ಕೆ ರೋಗವನ್ನು ದೂರುವಾಗ, ರೋಗಕ್ಕೆ ದಾರಿ ಮಾಡಿಕೊಟ್ಟ ಪೆಟ್ಟು ಬಹಳ ಹಿಂದೆಯೇ ಬಿದ್ದಿತ್ತೆಂಬುದು ಮರೆತುಹೋಗುತ್ತದೆ.

ಉಸಿರು ಮತ್ತು ಪಚನ

ನೀರು ಸೇರಿದ ಕೆಲವೇ ನಿಮಿಷಗಳಲ್ಲಿ ಬೀಜ ಉಸಿರಾಡತೊಡಗುತ್ತದೆ. ಮೊಳೆಯುವ ಬೀಜ ಆಮ್ಲಜನಕವನ್ನು ತೆಗೆದುಕೊಂಡು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆಂಬುದನ್ನು ಸ್ವಿಟ್ಜರ್‌ಲೆಂಡಿನ ವಿಜ್ಞಾನಿ ನಿಕೋಲಾ ಥಿಯೋಡೋರ್ ಡಿ ಸೊಸ್ಸೂರ್ 1804ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಅಳತೆಗಳೊಂದಿಗೆ ವಿವರಿಸಿದ್ದ. ಮೊದಲ ಕೆಲಸಗಳಿಗೆ ಬೇಕಾದ ಆದೇಶಗಳನ್ನು ಸಹ ತಾಯಿಗಿಡವೇ ಬರೆದಿಟ್ಟಿರುತ್ತದೆ. ಪ್ರೋಟೀನು ತಯಾರಿಸಲು ಜೀವಕೋಶ ಬಳಸುವ ಸಂದೇಶವಾಹಕ ಆರ್‌ಎನ್‌ಎ ಎಂಬ ಅಣುಗಳು ಒಣಬೀಜದಲ್ಲಿಯೇ ಸಿದ್ಧವಾಗಿ ಉಳಿದಿರುತ್ತವೆಂಬುದಕ್ಕೆ ಲಿಯಾನ್ ಡ್ಯೂರ್ ಮತ್ತು ಲ್ಯಾರಿ ವಾಟರ್ಸ್ 1965ರಲ್ಲಿ ಹತ್ತಿಬೀಜದಲ್ಲಿ ಆಧಾರ ತೋರಿಸಿದರು. ಮೊದಲ ಇಂಧನವಾಗಿ ಬಳಕೆಯಾಗುವುದು ರಾಫಿನೋಸ್, ಸ್ಟ್ಯಾಕಿಯೋಸ್ ಮೊದಲಾದ ಸಣ್ಣ ಸಕ್ಕರೆಗಳು. ಒಣಗಿದ ಸ್ಥಿತಿಯಲ್ಲಿ ಪೊರೆಗಳನ್ನು ಕಾಯುವುದೂ, ಎಚ್ಚೆತ್ತ ಮೇಲೆ ಮೊದಲ ಶಕ್ತಿ ಕೊಡುವುದೂ ಇವೇ. ಎರೆಹೊಲದ ತಗ್ಗಿನಲ್ಲಿ ಮಳೆನೀರು ನಿಂತು ಮಣ್ಣಿನ ರಂಧ್ರಗಳಿಂದ ಗಾಳಿ ಹೊರಹೋದಾಗ ಬೀಜ ಆಮ್ಲಜನಕವಿಲ್ಲದೆ ಸಕ್ಕರೆಯನ್ನು ಆಲ್ಕೊಹಾಲಾಗಿ ಹುಳಿಸಬೇಕಾಗುತ್ತದೆ. ಆ ದಾರಿಯಲ್ಲಿ ಸಿಗುವ ಶಕ್ತಿ ಅತ್ಯಲ್ಪವಾದ್ದರಿಂದ ಬುತ್ತಿ ವ್ಯರ್ಥವಾಗಿ ಕರಗಿ ಬೀಜ ಉಸಿರುಗಟ್ಟುತ್ತದೆ.

ಇಷ್ಟಾದ ಮೇಲೆ ಗಟ್ಟಿಯಾದ ಸಂಗ್ರಹವನ್ನು ಕರಗಿಸುವ ಕೆಲಸ. ಪಿಷ್ಟ, ಎಣ್ಣೆ, ಪ್ರೋಟೀನುಗಳ ಅಣುಗಳು ದೊಡ್ಡವು. ಅವು ನೀರಿನಲ್ಲಿ ಕರಗಿ ಬೆಳೆಯುವ ತುದಿಗೆ ಸಾಗಲಾರವು. ಅವನ್ನು ತುಂಡರಿಸುವ ಪ್ರೋಟೀನುಗಳಿಗೆ ಕಿಣ್ವಗಳೆಂದು ಹೆಸರು. ಪ್ರಪಂಚದಲ್ಲಿ ಮೊದಲು ಬೇರ್ಪಡಿಸಲಾದ ಕಿಣ್ವ ಸಿಕ್ಕಿದ್ದೇ ಮೊಳಕೆಕಾಳಿನಲ್ಲಿ. ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋಜ್ 1833ರಲ್ಲಿ ಮೊಳೆಯಿಸಿದ ಬಾರ್ಲಿಯಿಂದ ಪಿಷ್ಟವನ್ನು ಸಕ್ಕರೆಯಾಗಿಸುವ ವಸ್ತುವನ್ನು ತೆಗೆದು ಡಯಾಸ್ಟೇಸ್ ಎಂದು ಕರೆದರು. ಏಕದಳ ಧಾನ್ಯಗಳಲ್ಲಿ ಇದರ ಕ್ರಮ ಸ್ಪಷ್ಟವಾಗಿದೆ. ಭ್ರೂಣವು ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ಕಳುಹಿಸುತ್ತದೆ. ಹಿಟ್ಟಿನ ಭಾಗವನ್ನು ಸುತ್ತಿರುವ ಅಲ್ಯೂರಾನ್ ಎಂಬ ತೆಳುಪದರ ಅದಕ್ಕೆ ಓಗೊಟ್ಟು ಕಿಣ್ವಗಳನ್ನು ತಯಾರಿಸಿ ಹಿಟ್ಟಿನೊಳಕ್ಕೆ ಬಿಡುತ್ತದೆ. ಪಿಷ್ಟ ಸಕ್ಕರೆಯಾಗಿ ಕರಗುತ್ತದೆ. ಭ್ರೂಣಕ್ಕೂ ಹಿಟ್ಟಿಗೂ ನಡುವೆ ಇರುವ ಗುರಾಣಿಯಾಕಾರದ ಏಕದಳವು ಆ ಸಕ್ಕರೆಯನ್ನೂ ಪ್ರೋಟೀನಿನ ತುಣುಕುಗಳನ್ನೂ ಹೀರಿ ಮೊಳಕೆಗೆ ಸಾಗಿಸುತ್ತದೆ. ಹಾರ್ಮೋನಿನ ಈ ಪಾತ್ರವನ್ನು 1960ರಲ್ಲಿ ಆಸ್ಟ್ರೇಲಿಯಾದಲ್ಲಿ ಲೆಸ್ಲಿ ಪೇಲೆಗ್ ಮತ್ತು ಜಪಾನಿನಲ್ಲಿ ಯೋಮೊ ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಬಾರ್ಲಿಯಲ್ಲಿ ಕಂಡುಕೊಂಡರು.

ಸೋಯಾದ ಪಚನ ಇದಕ್ಕಿಂತ ಕಠಿಣವಾದದ್ದು, ಏಕೆಂದರೆ ಅದರ ಬುತ್ತಿಯ ದೊಡ್ಡ ಭಾಗ ಎಣ್ಣೆ. ಬೆಳೆಯುವ ಬೇರಿಗೆ ಬೇಕಾದದ್ದು ಸಕ್ಕರೆ. ಎಣ್ಣೆ ಹಾಗೆಯೇ ಸಾಗಲಾರದು. ಲೈಪೇಸ್ ಎಂಬ ಕಿಣ್ವ ಎಣ್ಣೆಯನ್ನು ಕೊಬ್ಬಿನ ಆಮ್ಲಗಳಾಗಿ ಒಡೆದು, ಬೇರೆ ಕಿಣ್ವಗಳು ಅವನ್ನು ಎರಡೆರಡು ಇಂಗಾಲದ ತುಂಡುಗಳಾಗಿ ಕತ್ತರಿಸಿದ ಮೇಲೆ, ಗ್ಲೈಆಕ್ಸಿಲೇಟ್ ಚಕ್ರ ಎಂಬ ರಾಸಾಯನಿಕ ಸರಣಿ ಆ ತುಂಡುಗಳನ್ನು ಜೋಡಿಸಿ ಸಕ್ಕರೆಯಾಗುವ ದಾರಿಗೆ ಹಚ್ಚುತ್ತದೆ. ಹ್ಯಾನ್ಸ್ ಕಾರ್ನ್‌ಬರ್ಗ್ ಮತ್ತು ಹ್ಯಾನ್ಸ್ ಕ್ರೆಬ್ಸ್ 1957ರಲ್ಲಿ ಈ ಚಕ್ರವನ್ನು ಸೂಕ್ಷ್ಮಜೀವಿಗಳಲ್ಲಿ ಗುರುತಿಸಿದರು. ಮೊಳೆಯುವ ಹರಳುಬೀಜದಲ್ಲಿಯೂ ಅದು ನಡೆಯುತ್ತದೆಂದು ಕಾರ್ನ್‌ಬರ್ಗ್ ಅದೇ ವರ್ಷ ಹ್ಯಾರಿ ಬೀವರ್ಸ್ ಅವರೊಡಗೂಡಿ ತೋರಿಸಿದರು. ಅದು ನಡೆಯುವ ಗ್ಲೈಆಕ್ಸಿಸೋಮ್ ಎಂಬ ಕಣವನ್ನು 1967ರಲ್ಲಿ ಬ್ರೈಡೆನ್‌ಬಾಕ್ ಮತ್ತು ಬೀವರ್ಸ್ ಪ್ರತ್ಯೇಕಿಸಿದರು. ಮನುಷ್ಯದೇಹಕ್ಕೆ ಈ ಚಕ್ರ ಇಲ್ಲವಾದ್ದರಿಂದ ಕೊಬ್ಬಿನ ಆಮ್ಲಗಳಿಂದ ಸಕ್ಕರೆ ತಯಾರಿಸಿಕೊಳ್ಳುವುದು ಅದಕ್ಕೆ ಸಾಧ್ಯವಿಲ್ಲ. ಹೊಲದ ಸೋಯಾ ಕಾಳು ಅದನ್ನು ಎರಡು ಮೂರು ದಿನಗಳಲ್ಲಿ ಮಾಡತೊಡಗುತ್ತದೆ. ಇದೇ ಹೊತ್ತಿಗೆ ಪ್ರೋಟೀನುಗಳು ಅಮೈನೋ ಆಮ್ಲಗಳಾಗಿ ಒಡೆದು ಹೊಸ ಅಂಗಗಳಿಗೆ ಸಾರಜನಕ ಒದಗಿಸುತ್ತವೆ, ಫೈಟೇಸ್ ಎಂಬ ಕಿಣ್ವ ಫೈಟಿಕ್ ಆಮ್ಲವನ್ನು ಬಿಡಿಸಿ ರಂಜಕ, ಪೊಟ್ಯಾಸಿಯಂ, ಕಬ್ಬಿಣ, ಸತುಗಳನ್ನು ಬಿಡುಗಡೆ ಮಾಡುತ್ತದೆ. ಹೀಗೆ ಮೊದಲ ಗೊಬ್ಬರವೂ ಬೀಜದೊಳಗಿನಿಂದಲೇ ಬರುತ್ತದೆ.

ಈ ಮಾತಿಗೆ ಪ್ರತಿವರ್ಷವೂ ಕಣ್ಣೆದುರೇ ಸಿಗುವ ಸಾಕ್ಷ್ಯವೊಂದು ಈ ಗಡಿಭಾಗದ ಮನೆಗಳಲ್ಲಿದೆ. ನವರಾತ್ರಿಯ ಘಟಸ್ಥಾಪನೆಯಲ್ಲಿ ಹೊಲದ ಮಣ್ಣನ್ನು ತಂದು ಹರವಿ, ಜೋಳ, ಗೋಧಿ ಮುಂತಾದ ಧಾನ್ಯಗಳನ್ನು ಬಿತ್ತಿ, ನಡುವೆ ಘಟವನ್ನಿಟ್ಟು ನೀರು ಚಿಮುಕಿಸಲಾಗುತ್ತದೆ. ದೇವರಕೋಣೆಯ ಮಬ್ಬು ಬೆಳಕಿನಲ್ಲಿ ಬೆಳೆದ ಆ ಸಸಿಗಳು ಒಂಬತ್ತು ದಿನಗಳಲ್ಲಿ ಗೇಣುದ್ದವಾಗುತ್ತವೆ, ಆದರೆ ಅವುಗಳ ಬಣ್ಣ ಹಳದಿಯಾಗಿರುತ್ತದೆ. ಬೆಳಕಿಲ್ಲದೆ ಹಸಿರು ಬಾರದು, ಹಸಿರಿಲ್ಲದೆ ಎಲೆ ಆಹಾರ ತಯಾರಿಸದು. ಆದ್ದರಿಂದ ಅಷ್ಟು ಎತ್ತರ ಬೆಳೆದದ್ದು ಬಹುಪಾಲು ಕಾಳಿನೊಳಗಿನ ಬುತ್ತಿಯ ಬಲದಿಂದಲೇ. ಕತ್ತಲಲ್ಲಿ ಬೆಳೆದ ಇಂಥ ಸಸಿಗಳನ್ನು ಒಣಗಿಸಿ ತೂಗಿದರೆ, ನೋಟಕ್ಕೆ ಎಷ್ಟೇ ಎತ್ತರವಾಗಿದ್ದರೂ ಅವುಗಳ ತೂಕ ಬಿತ್ತಿದ ಕಾಳಿನ ತೂಕಕ್ಕಿಂತ ಕಡಿಮೆಯೇ ಇರುತ್ತದೆ. ಕಡಿಮೆಯಾದ ಪಾಲು ಉಸಿರಾಟದಲ್ಲಿ ಖರ್ಚಾಗಿರುತ್ತದೆ. ಘಟದಲ್ಲಿ ಹುಲುಸಾಗಿ ಎದ್ದ ಧಾನ್ಯವನ್ನು ನೋಡಿ ಬೀಜದ ಗುಣವನ್ನು ಅಳೆಯುವ ಹಿರಿಯರ ರೂಢಿಗೆ ಹೀಗಾಗಿ ಗಟ್ಟಿಯಾದ ತಳಹದಿಯಿದೆ. ಆ ಹುಲುಸು ಬೀಜದ ಸಂಗ್ರಹ ಮತ್ತು ಚೈತನ್ಯದ ನೇರ ಅಳತೆ.

ಅಡುಗೆಮನೆಯೂ ಇದೇ ಪಚನದ ಲಾಭವನ್ನು ಪಡೆಯುತ್ತದೆ. ಹೆಸರು, ಮಡಕಿ, ಕಡಲೆಗಳನ್ನು ನೆನೆಸಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದಾಗ ಹೊಟ್ಟೆಯುಬ್ಬರಕ್ಕೆ ಕಾರಣವಾಗುವ ರಾಫಿನೋಸ್ ಗುಂಪಿನ ಸಕ್ಕರೆಗಳು ಕರಗುತ್ತವೆ, ಫೈಟಿಕ್ ಆಮ್ಲ ಇಳಿದು ಕಬ್ಬಿಣ ಮತ್ತು ಸತು ದೇಹಕ್ಕೆ ಹೆಚ್ಚು ದಕ್ಕುತ್ತವೆ, ಒಣಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿದ್ದ ಸಿ ಜೀವಸತ್ವ ಹೊಸದಾಗಿ ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ ಮೆಸಪೊಟೇಮಿಯಾದಲ್ಲಿದ್ದ ಭಾರತೀಯ ಸೈನಿಕರನ್ನು ಸಿ ಜೀವಸತ್ವದ ಕೊರತೆಯ ಸ್ಕರ್ವಿ ರೋಗ ಕಾಡಿತ್ತು. ಮೊಳಕೆಕಾಳುಗಳಿಗೆ ಆ ರೋಗವನ್ನು ತಡೆಯುವ ಗುಣವಿದೆಯೆಂದು ಲಂಡನ್ನಿನ ಲಿಸ್ಟರ್ ಸಂಸ್ಥೆಯ ಹ್ಯಾರಿಯೆಟ್ ಚಿಕ್ ಮತ್ತು ಮೇರಿಯನ್ ಡೆಲ್ಫ್ 1919ರಲ್ಲಿ ಪ್ರಯೋಗಗಳಿಂದ ತೋರಿಸಿದರು.

ಬೇರು ನೆಲವನ್ನು ಮುಟ್ಟಿದಾಗ

ಮೂಲಾಂಕುರ ಕೆಳಗಿಳಿದು, ಅದರ ತುದಿಯ ಹಿಂದಿನ ಭಾಗದಲ್ಲಿ ಬೇರುರೋಮಗಳು ಮೂಡಿದಾಗ ಸಸಿಗೂ ನೆಲಕ್ಕೂ ನಿಜವಾದ ಕೊಡುಕೊಳ್ಳುವಿಕೆ ಆರಂಭವಾಗುತ್ತದೆ. ಬೇರು ಮಣ್ಣನ್ನಾಗಲಿ ಗೊಬ್ಬರದ ಹರಳನ್ನಾಗಲಿ ನುಂಗುವುದಿಲ್ಲ. ನೀರಿನಲ್ಲಿ ಕರಗಿ ಅಯಾನುಗಳಾದ, ಅಂದರೆ ವಿದ್ಯುದಂಶ ಹೊತ್ತ ಕಣಗಳಾದ ಲವಣಗಳನ್ನಷ್ಟೇ ಒಳಗೆ ಬಿಟ್ಟುಕೊಳ್ಳುತ್ತದೆ. ಅದಕ್ಕೆ ದುಡಿಮೆಯೂ ಬೇಕು. ಬೇರಿನ ಕೋಶಗಳು ಶಕ್ತಿ ವ್ಯಯಿಸಿ ಜಲಜನಕದ ಅಯಾನುಗಳನ್ನು ಹೊರಕ್ಕೆ ತಳ್ಳುತ್ತವೆ. ಅದರಿಂದ ಪೊರೆಯ ಎರಡು ಬದಿಗಳಲ್ಲಿ ಉಂಟಾಗುವ ವಿದ್ಯುತ್ ವ್ಯತ್ಯಾಸದ ಬಲದಿಂದ ನೈಟ್ರೇಟ್, ಫಾಸ್ಫೇಟ್, ಪೊಟ್ಯಾಸಿಯಂಗಳನ್ನು ಅವುಗಳಿಗೆಂದೇ ಇರುವ ಸಾಗಣೆ ಪ್ರೋಟೀನುಗಳ ಮೂಲಕ ಒಳಗೆಳೆದುಕೊಳ್ಳುತ್ತವೆ. ಎಲೆ ಇನ್ನೂ ಬಿಚ್ಚಿರದ ಆ ದಿನಗಳಲ್ಲಿ ಈ ದುಡಿಮೆಗೆ ಬೇಕಾದ ಶಕ್ತಿ ಮತ್ತೆ ಬುತ್ತಿಯಿಂದಲೇ ಬರಬೇಕು. ಬುತ್ತಿ ಬಡವಾಗಿದ್ದರೆ ಸುತ್ತ ಎಷ್ಟು ಗೊಬ್ಬರವಿದ್ದರೂ ಅದನ್ನು ಎಳೆದುಕೊಳ್ಳುವ ಬಲ ಮೊಳಕೆಗೆ ಇರುವುದಿಲ್ಲ.

ಎಲ್ಲ ಲವಣಗಳೂ ಒಂದೇ ಸಮಯಕ್ಕೆ ಬೇಕಾಗುವುದಿಲ್ಲ. ಸಾರಜನಕ, ರಂಜಕ, ಪೊಟ್ಯಾಸಿಯಂಗಳು ಬುತ್ತಿಯಲ್ಲಿ ಕೆಲವು ದಿನಗಳಿಗೆ ಸಾಕಾಗುವಷ್ಟು ಇರುತ್ತವೆ. ಕ್ಯಾಲ್ಸಿಯಂ ಗಿಡದೊಳಗೆ ಒಂದೆಡೆಯಿಂದ ಇನ್ನೊಂದೆಡೆಗೆ ಸುಲಭವಾಗಿ ಸಾಗುವ ಧಾತುವಲ್ಲವಾದ್ದರಿಂದ ಬೇರಿನ ತುದಿ ಅದನ್ನು ಮೊದಲಿನಿಂದಲೇ ನೆಲದಿಂದ ಪಡೆಯಬೇಕು. ಬೀದರ್‌ನ ಎರೆಯಲ್ಲಿ ಸುಣ್ಣದಂಶ ಧಾರಾಳವಾಗಿರುವುದರಿಂದ ಆ ತೊಂದರೆ ಇಲ್ಲಿಲ್ಲ. ಆದರೆ ಅದೇ ಸುಣ್ಣ ಮತ್ತು ಕ್ಷಾರಗುಣ ಸತುವನ್ನು ಕರಗದಂತೆ ಹಿಡಿದಿಡುತ್ತವೆ, ರಂಜಕವನ್ನು ಕ್ಯಾಲ್ಸಿಯಂ ಫಾಸ್ಫೇಟಾಗಿ ಗಟ್ಟಿಗೊಳಿಸುತ್ತವೆ. ಕರ್ನಾಟಕ ಸರ್ಕಾರ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆಯೊಂದಿಗೆ 2009ರಲ್ಲಿ ಆರಂಭಿಸಿದ ಭೂಚೇತನ ಯೋಜನೆಯ ಮಣ್ಣುಪರೀಕ್ಷೆಗಳು ರಾಜ್ಯದ ಮಳೆಯಾಶ್ರಿತ ಹೊಲಗಳಲ್ಲಿ ಸತು, ಬೋರಾನ್ ಮತ್ತು ಗಂಧಕದ ಕೊರತೆ ವ್ಯಾಪಕವಾಗಿದೆಯೆಂದು ಬಯಲಿಗೆ ತಂದವು. ಸತುವಿನ ಕೊರತೆಯ ನೆಲದಲ್ಲಿ ಬೀಜದೊಳಗಿನ ಸತು ಎಷ್ಟು ಮುಖ್ಯವೆಂಬುದು ಟರ್ಕಿಯ ಗೋಧಿಹೊಲಗಳ ಪ್ರಯೋಗಗಳಲ್ಲಿ ಸ್ಪಷ್ಟವಾಗಿದೆ. ಸತುವನ್ನು ಹೆಚ್ಚಾಗಿ ತುಂಬಿಕೊಂಡ ಬೀಜಗಳಿಂದ ಬಂದ ಸಸಿಗಳು ಅದೇ ನೆಲದಲ್ಲಿ ಉಳಿದವುಗಳಿಗಿಂತ ಮೇಲಾಗಿ ಬೆಳೆದವು.

ನೆಲ ಹಿಡಿದಿಟ್ಟ ರಂಜಕವನ್ನು ಬಿಡಿಸಿಕೊಳ್ಳುವ ಉಪಾಯವನ್ನು ಈ ಸೀಮೆಯ ಹಳೆಯ ಬೆಳೆಗಳೇ ಬಲ್ಲವು. ಕಡಲೆಯ ಬೇರು ಸಿಟ್ರಿಕ್ ಮುಂತಾದ ಆಮ್ಲಗಳನ್ನು ಹೊರಸೂಸಿ, ಎರೆಮಣ್ಣಿನಲ್ಲಿ ಸುಣ್ಣದೊಂದಿಗೆ ಗಟ್ಟಿಯಾದ ರಂಜಕವನ್ನು ಕರಗಿಸಿಕೊಳ್ಳುತ್ತದೆ. ಬೀದರ್‌ಗೆ ನೆರೆಯ ಪಟಾನ್‌ಚೆರುವಿನ ಇಕ್ರಿಸ್ಯಾಟ್‌ನಲ್ಲಿ ನೊರಿಹಾರು ಏ ಮತ್ತು ಸಂಗಡಿಗರು ನಡೆಸಿ 1990ರಲ್ಲಿ ಪ್ರಕಟಿಸಿದ ಸಂಶೋಧನೆಯು ತೊಗರಿಯ ಬೇರು ಪಿಸಿಡಿಕ್ ಆಮ್ಲದಂಥ ವಸ್ತುಗಳನ್ನು ಸ್ರವಿಸಿ, ಕೆಂಪುಮಣ್ಣಿನಲ್ಲಿ ಕಬ್ಬಿಣದೊಂದಿಗೆ ಬಂಧಿತವಾದ ರಂಜಕವನ್ನು ಬಿಡಿಸಿಕೊಳ್ಳುತ್ತದೆಂದು ತೋರಿಸಿತು. ಜೋಳ ಮೊದಲಾದ ಬೆಳೆಗಳಿಗೆ ಆ ರಂಜಕ ಎಟುಕದು. ಜೋಳದೊಂದಿಗೆ ತೊಗರಿಯ ಸಾಲು ಹಾಕುವ, ವರ್ಷ ಬಿಟ್ಟು ವರ್ಷ ಬೆಳೆ ಬದಲಿಸುವ ಹಿಂದಿನವರ ಪದ್ಧತಿಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಿಲ್ಲ. ಒಂದೇ ಹೊಲದಲ್ಲಿ ವರ್ಷವರ್ಷವೂ ಸೋಯಾವನ್ನೇ ಬಿತ್ತುವುದರಿಂದ ಈ ಸಹಾಯ ಕೈತಪ್ಪುತ್ತದೆ.

ಸಾರಜನಕದ ವಿಷಯದಲ್ಲಿ ದ್ವಿದಳಗಳಿಗೆ ಇನ್ನೊಂದು ದಾರಿಯಿದೆ. ಎಳೆಯ ಬೇರು ಹೊರಸೂಸುವ ಫ್ಲೇವನಾಯ್ಡ್ ಎಂಬ ವಸ್ತುಗಳನ್ನು ಗುರುತಿಸಿ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾಗಳು ಬೇರುರೋಮದ ಮೂಲಕ ಒಳಸೇರಿ ಗಂಟುಗಳನ್ನು ಕಟ್ಟುತ್ತವೆ, ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವ ರೂಪಕ್ಕೆ ತರುತ್ತವೆ. ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ಟ್ 1886ರಿಂದ 1888ರ ನಡುವೆ ಇದನ್ನು ಸ್ಥಾಪಿಸಿದರು. ಸೋಯಾ ಪೂರ್ವ ಏಷ್ಯಾದ ಬೆಳೆಯಾದ್ದರಿಂದ ಅದಕ್ಕೆ ಒಗ್ಗುವ ಬ್ರ್ಯಾಡಿರೈಜೋಬಿಯಂ ಹೊಸ ಹೊಲಗಳ ಮಣ್ಣಿನಲ್ಲಿ ಇರುತ್ತದೆಂಬ ಭರವಸೆಯಿಲ್ಲ. ಬೀಜಕ್ಕೆ ಜೀವಾಣುಗೊಬ್ಬರ ಲೇಪಿಸಲು ಹೇಳುವುದು ಇದಕ್ಕಾಗಿಯೇ. ಆದರೆ ಗಂಟುಗಳು ಕಾಣಿಸಿಕೊಳ್ಳಲು ಎರಡು ಮೂರು ವಾರ ಬೇಕು. ಅಷ್ಟರಲ್ಲಿ ಮಣ್ಣಿನ ಮೇಲೆ ಬಂದ ಬೀಜದಳಗಳು ತಮ್ಮ ಒಣತೂಕದ ಸುಮಾರು 70 ಪಾಲನ್ನು ಸಸಿಗೆ ಒಪ್ಪಿಸಿ ಹಳದಿಯಾಗಿ ಉದುರುವ ಹಂತಕ್ಕೆ ಬಂದಿರುತ್ತವೆ. ಬುತ್ತಿ ಮುಗಿದು ಗಂಟು ಇನ್ನೂ ಬಲಿಯದ ಈ ನಡುಗಾಲಕ್ಕೆಂದೇ ಸೋಯಾ, ತೊಗರಿಗಳಿಗೆ ಅಲ್ಪ ಪ್ರಮಾಣದ ಸಾರಜನಕವನ್ನು ಬಿತ್ತನೆಯಲ್ಲಿ ಕೊಡುವ ಶಿಫಾರಸು ಇದೆ. ಅದು ಅಲ್ಪವಾಗಿರುವುದಕ್ಕೂ ಕಾರಣವಿದೆ: ಮಣ್ಣಿನಲ್ಲಿ ಸಾರಜನಕ ಹೆಚ್ಚಿದಷ್ಟೂ ಗಿಡ ಗಂಟು ಕಟ್ಟುವುದನ್ನು ಕಡಿಮೆ ಮಾಡುತ್ತದೆ.

ಹೊಲಕ್ಕೆ ಸಲ್ಲುವ ಮಾತು

ಈ ಜ್ಞಾನದಿಂದ ಹೊಲಕ್ಕೆ ದೊರೆಯುವ ಮೊದಲ ಪಾಠ ಗೊಬ್ಬರದ ಜಾಗವನ್ನು ಕುರಿತದ್ದು. ಬೀಜಕ್ಕೆ ತಗುಲಿಕೊಂಡು ಬಿದ್ದ ಗೊಬ್ಬರದ ಹರಳು ಸುತ್ತಲಿನ ತೇವದಲ್ಲಿ ಕರಗಿ, ಆ ಉಪ್ಪುನೀರಿನಿಂದ ಬೀಜ ನೀರು ಸೆಳೆಯಲಾಗದಂತೆ ಮಾಡುತ್ತದೆ. ಯೂರಿಯಾ ಮತ್ತು ಡಿಎಪಿಗಳು ಕ್ಷಾರಗುಣದ ಎರೆಯಲ್ಲಿ ಅಮೋನಿಯಾ ಅನಿಲವನ್ನು ಬಿಡುವುದರಿಂದ ಎಳೆಯ ಬೇರಿನ ತುದಿ ಸುಡುತ್ತದೆ. ಮೊದಲ ದಿನಗಳಲ್ಲಿ ಬೀಜಕ್ಕೆ ಹೊರಗಿನ ಗೊಬ್ಬರ ಬೇಕಿಲ್ಲವಾದ್ದರಿಂದ ಗೊಬ್ಬರ ಬೀಜಕ್ಕಿಂತ ನಾಲ್ಕೈದು ಸೆಂಟಿಮೀಟರು ಕೆಳಗೆ ಮತ್ತು ಪಕ್ಕಕ್ಕೆ ಬಿದ್ದರೆ ಸಾಕು. ಬೇರು ಅಲ್ಲಿಗೆ ತಲಪುವ ಹೊತ್ತಿಗೆ ಅದರ ಅಗತ್ಯವೂ ಹುಟ್ಟಿರುತ್ತದೆ. ರಂಜಕ ಮಣ್ಣಿನಲ್ಲಿ ಬಹಳ ನಿಧಾನವಾಗಿ ಸರಿಯುವ ಧಾತುವಾದ್ದರಿಂದ ಅದನ್ನು ಮೇಲೆ ಎರಚುವುದಕ್ಕಿಂತ ಬೇರಿನ ದಾರಿಯಲ್ಲಿ ಇಡುವುದೇ ಸರಿ.

ಎರಡನೆಯ ಪಾಠ ಆಳ ಮತ್ತು ಹದದ್ದು. ತೊಗರಿ ಮತ್ತು ಕಡಲೆಗಳ ಬೀಜದಳಗಳು ಮಣ್ಣಿನೊಳಗೇ ಉಳಿದು ಕಾಂಡ ಮಾತ್ರ ಮೇಲೆ ಬರುತ್ತದೆ. ಸೋಯಾ, ಹೆಸರು, ಉದ್ದುಗಳ ಸಸಿ ಬಾಗಿದ ಕಾಂಡದ ಬಲದಿಂದ ಎರಡೂ ಬೇಳೆಗಳನ್ನು ಹೊತ್ತುಕೊಂಡೇ ಮಣ್ಣನ್ನು ಭೇದಿಸಬೇಕು. ಸೋಯಾ ಬೀಜ ಮೂರರಿಂದ ಐದು ಸೆಂಟಿಮೀಟರಿಗಿಂತ ಆಳಕ್ಕೆ ಬಿದ್ದರೆ ಅಥವಾ ಬಿತ್ತಿದ ಮೇಲೆ ಜೋರುಮಳೆ ಬಂದು ಬಿಸಿಲಿಗೆ ಮೇಲ್ಪದರ ಹೆಪ್ಪುಗಟ್ಟಿದರೆ, ಆ ಭಾರ ಹೊರುವುದರಲ್ಲಿಯೇ ಬುತ್ತಿಯೆಲ್ಲ ಖರ್ಚಾಗಿ ಕಾಂಡ ಮುರಿಯುತ್ತದೆ.

ಮೂರನೆಯದೂ ಎಲ್ಲಕ್ಕಿಂತ ಮುಖ್ಯವೂ ಆದ ಪಾಠ ಬೀಜದ್ದೇ. ಎಣ್ಣೆ ತುಂಬಿದ ಸೋಯಾ ಬೀಜ ಅಕ್ಟೋಬರಿನ ರಾಶಿಯಿಂದ ಜೂನಿನವರೆಗೆ, ಅದರಲ್ಲೂ ಬೀದರ್‌ನ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ, ತನ್ನ ಚೈತನ್ಯವನ್ನು ಬೇಗ ಕಳೆದುಕೊಳ್ಳುತ್ತದೆ. ಪ್ರಮಾಣಿತ ಬೀಜಕ್ಕೆ ದೇಶದಲ್ಲಿ ನಿಗದಿಯಾದ ಕನಿಷ್ಠ ಮೊಳಕೆಯ ಮಟ್ಟ ಕಡಲೆಗೆ ನೂರಕ್ಕೆ 85, ತೊಗರಿ, ಉದ್ದು, ಹೆಸರುಗಳಿಗೆ 75 ಇರುವಾಗ ಸೋಯಾಕ್ಕೆ 70 ಮಾತ್ರ ಇರುವುದು ಆ ಬೀಜದ ನಾಜೂಕುತನವನ್ನು ಒಪ್ಪಿಕೊಂಡೇ ಮಾಡಿದ ನಿಯಮ. ಹಸಿ ಗೋಣಿಚೀಲದ ತುಂಡಿನಲ್ಲಿ ನೂರು ಕಾಳುಗಳನ್ನು ಸಾಲಾಗಿ ಇಟ್ಟು ಸುತ್ತಿ, ತೇವ ಆರದಂತೆ ನೆರಳಿನಲ್ಲಿರಿಸಿ, ಐದರಿಂದ ಎಂಟು ದಿನಗಳಲ್ಲಿ ನೆಟ್ಟಗೆ ಮೊಳೆತವನ್ನು ಎಣಿಸುವ ಪರೀಕ್ಷೆಗೆ ಖರ್ಚಿಲ್ಲ. ಎಪ್ಪತ್ತಕ್ಕಿಂತ ಕಡಿಮೆ ಬಂದರೆ ಬೀಜ ಬದಲಿಸಬೇಕು ಅಥವಾ ಬೀಜದ ಪ್ರಮಾಣ ಹೆಚ್ಚಿಸಬೇಕು. ಬೀಜೋಪಚಾರದಲ್ಲಿ ಮೊದಲು ಶಿಲೀಂಧ್ರನಾಶಕ, ಆಮೇಲೆ ಕೀಟನಾಶಕ, ಕೊನೆಗೆ ಬಿತ್ತುವ ಮುನ್ನ ರೈಜೋಬಿಯಂ ಎಂಬ ಕ್ರಮ ತಪ್ಪಬಾರದು. ಲೇಪಿಸಿದ ಬೀಜವನ್ನು ನೆರಳಿನಲ್ಲೇ ಆರಿಸಿ ತಡಮಾಡದೆ ಬಿತ್ತಬೇಕು. ಸೋಯಾ ಬೀಜವನ್ನು ನೀರಿನಲ್ಲಿ ನೆನೆಸಬಾರದು.

ಪ್ರತಿವರ್ಷ ಮರುಬಿತ್ತನೆಗೆ ಸುರಿಯುವ ಹಣ, ದುಡಿಮೆ ಮತ್ತು ಕಳೆದುಹೋಗುವ ಹದದ ದಿನಗಳನ್ನು ನೆನೆದರೆ, ಗೊಬ್ಬರದ ಅಂಗಡಿಗೆ ಸಲ್ಲುವ ಕಾಳಜಿಯ ಅರ್ಧದಷ್ಟಾದರೂ ಬೀಜದ ಚೀಲಕ್ಕೆ ಸಲ್ಲಬೇಕಾಗಿದೆ. ರಾಶಿಯ ದಿನವೇ ಬೀಜಕ್ಕೆಂದು ಒಳ್ಳೆಯ ಕಾಳನ್ನು ಪ್ರತ್ಯೇಕಿಸಿ, ಯಂತ್ರದ ಬದಲು ಕೈಯಿಂದ ಅಥವಾ ನಿಧಾನಗತಿಯಲ್ಲಿ ಬಡಿದು, ಒಣಗಿಸಿ, ಗಾಳಿಯಾಡುವ ತಂಪು ಜಾಗದಲ್ಲಿ ಎತ್ತರಕ್ಕೆ ಪೇರಿಸದೆ ಇಟ್ಟು, ಮೇ ತಿಂಗಳಲ್ಲಿ ಮೊಳಕೆ ಪರೀಕ್ಷಿಸಿ ನೋಡುವುದು ಭಾಲ್ಕಿ, ಔರಾದ್, ಬೀದರ್‌ನ ಪ್ರತಿಯೊಂದು ರೈತ ಕುಟುಂಬಕ್ಕೂ ಸಾಧ್ಯವಿರುವ ಕೆಲಸ; ಹೋಬಳಿ ಮಟ್ಟದ ಕೃಷಿ ಅಧಿಕಾರಿಗಳೂ ಶಾಲೆಯ ವಿಜ್ಞಾನ ಶಿಕ್ಷಕರೂ ಆ ಪರೀಕ್ಷೆಯನ್ನು ಊರೂರಿನಲ್ಲಿ ಮಾಡಿ ತೋರಿಸಬೇಕು. ಬೀಜ ಗಟ್ಟಿಯಾಗಿದ್ದರೆ ಹದವಾದ ನೆಲದಲ್ಲಿ ಅದು ತಾನೇ ಎದ್ದು ನಿಂತು ಗೊಬ್ಬರವನ್ನು ಹುಡುಕಿಕೊಳ್ಳುತ್ತದೆ, ಬೀಜ ಸೋತಿದ್ದರೆ ಯಾವ ಗೊಬ್ಬರವೂ ಅದನ್ನು ಎಬ್ಬಿಸಲಾರದು.